ಗಣಿತಶಿರೋಮಣಿ ಭಾಸ್ಕರಾಚಾರ್ಯರು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಇವು ವಿಜಯಪುರ ಜಿಲ್ಲೆಯ ಎರೆಭೂಮಿಯ ಊರುಗಳು. ಹಿಂಗಾರಿಯ ಬೆಳೆ ಕೈಗೆ ಬಂದಾಗ ಇಲ್ಲಿಯ ಕಣಗಳಲ್ಲಿ ಜೋಳದ ರಾಶಿಗಳೂ ಕಡಲೆಯ ರಾಶಿಗಳೂ ತಲೆಯೆತ್ತುತ್ತಿದ್ದವು. ರಾಶಿಯ ಪೂಜೆ ಮುಗಿದ ಮೇಲೆ ಅಳತೆ ಆರಂಭವಾಗುತ್ತಿತ್ತು. ಮೊದಲನೆಯ ಅಳತೆಯನ್ನು ಒಂದು ಎನ್ನದೆ ಲಾಭ ಎಂದು ಎಣಿಸುವುದು ನಮ್ಮ ಒಕ್ಕಲಿಗರ ವಾಡಿಕೆ. ಬೆಳೆದುದರಲ್ಲಿ ಅರಸನಿಗೆ ಸಲ್ಲುವುದೆಷ್ಟು, ಆಯಗಾರರಿಗೆ ಕೊಡುವುದೆಷ್ಟು, ಮನೆಯ ಹಗೇವಿಗೆ ಉಳಿಯುವುದೆಷ್ಟು ಎಂಬುದೆಲ್ಲವೂ ಆ ಅಳತೆಯನ್ನೇ ಅವಲಂಬಿಸಿತ್ತು. ಅಳತೆ ತಪ್ಪಿದರೆ ಅನ್ನವೇ ತಪ್ಪಿದಂತೆ. ಇಂತಹ ರಾಶಿಯ ಒಂದು ಕಾಳನ್ನೂ ಕದಲಿಸದೆ, ಒಂದು ಹಗ್ಗದ ನೆರವಿನಿಂದ ಅದರ ಪರಿಮಾಣವನ್ನು ತಿಳಿಯುವ ಬಗೆಯನ್ನು ಎಂಟುನೂರು ವರ್ಷಗಳಿಗೂ ಹಿಂದೆ ತಿಳಿಯಾಗಿ ನಿರೂಪಿಸಿದ ಮಹಾಗಣಿತಜ್ಞರೇ ಭಾಸ್ಕರಾಚಾರ್ಯರು.

ಭಾಸ್ಕರಾಚಾರ್ಯರು ಶಕವರ್ಷ 1036ರಲ್ಲಿ, ಅಂದರೆ ಕ್ರಿ.ಶ. 1114ರಲ್ಲಿ ಜನಿಸಿದರು. ಆಗ ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನು ಆಳುತ್ತಿದ್ದನು. ಬಾಗೇವಾಡಿಯ ನೆಲವು ಬಸವಣ್ಣನವರನ್ನು ನಾಡಿಗಿತ್ತುದೂ ಅದೇ ಶತಮಾನದಲ್ಲಿ. ತಮ್ಮ ಊರು ಸಹ್ಯಪರ್ವತದ ಆಶ್ರಯದಲ್ಲಿದ್ದ ವಿಜ್ಜಡವಿಡವೆಂದು ಆಚಾರ್ಯರು ತಾವೇ ಹೇಳಿಕೊಂಡಿದ್ದಾರೆ. ಅದು ವಿಜಯಪುರ ಜಿಲ್ಲೆಯ ಬಿಜ್ಜರಗಿಯೆಂದು ಕೆಲವು ವಿದ್ವಾಂಸರು ಗುರುತಿಸಿದ್ದಾರೆ. ಮಹಾರಾಷ್ಟ್ರದ ಚಾಳೀಸಗಾಂವಿನ ಕಡೆಯದೆಂಬುದು ಮತ್ತೆ ಕೆಲವರ ಮತ. ತಂದೆ ಮಹೇಶ್ವರರು ಜ್ಯೋತಿಶ್ಶಾಸ್ತ್ರದಲ್ಲಿ ಪಾರಂಗತರು. ಅವರೇ ಮಗನಿಗೆ ಗುರುಗಳಾದರು.

ಮೂವತ್ತಾರನೆಯ ವಯಸ್ಸಿನಲ್ಲಿ, ಅಂದರೆ 1150ರಲ್ಲಿ, ಭಾಸ್ಕರಾಚಾರ್ಯರು ಸಿದ್ಧಾಂತಶಿರೋಮಣಿ ಎಂಬ ಗ್ರಂಥವನ್ನು ರಚಿಸಿದರು. ಲೀಲಾವತೀ, ಬೀಜಗಣಿತ, ಗ್ರಹಗಣಿತ, ಗೋಲಾಧ್ಯಾಯ ಎಂಬ ನಾಲ್ಕು ಭಾಗಗಳುಳ್ಳ ಕೃತಿಯಿದು. ಇವುಗಳಲ್ಲಿ ಲೀಲಾವತಿಯು ಎಲ್ಲರ ಮನಸ್ಸನ್ನೂ ಸೂರೆಗೊಂಡಿತು. ದುಂಬಿಗಳು, ಹಂಸಗಳು, ನವಿಲು, ಹಾವು, ಕೊಳದ ತಾವರೆ ಇವೆಲ್ಲವೂ ಅಲ್ಲಿ ಲೆಕ್ಕಗಳಾಗಿ ಬಂದಿವೆ.

ಈ ಗ್ರಂಥದ ಹೆಸರಿನ ಹಿಂದೆ ಒಂದು ಕರುಣಾಜನಕವಾದ ಕಥೆಯಿದೆ. ಲೀಲಾವತಿಯು ಆಚಾರ್ಯರ ಮಗಳು. ಅವಳ ವಿವಾಹಕ್ಕೆ ಒದಗುವುದು ಒಂದೇ ಒಂದು ಶುಭಮುಹೂರ್ತವೆಂದು ಕಂಡುಕೊಂಡ ತಂದೆಯು, ಆ ಗಳಿಗೆಯನ್ನು ತಿಳಿಯಲು ಘಟಿಕಾಪಾತ್ರೆಯನ್ನು ನೀರಿನಲ್ಲಿ ತೇಲಿಬಿಟ್ಟರು. ತಳದಲ್ಲಿ ಸಣ್ಣ ರಂಧ್ರವಿರುವ ಆ ಬಟ್ಟಲು ಮೆಲ್ಲಮೆಲ್ಲನೆ ನೀರು ತುಂಬಿಕೊಂಡು ಒಂದು ಘಟಿಕೆಗೆ, ಅಂದರೆ 24 ನಿಮಿಷಗಳಿಗೆ, ಮುಳುಗಬೇಕು. ಕುತೂಹಲದಿಂದ ಬಾಗಿ ನೋಡಿದ ಮಗಳ ಆಭರಣದಿಂದ ಒಂದು ಮುತ್ತು ಬಟ್ಟಲಿಗೆ ಬಿದ್ದು ರಂಧ್ರವನ್ನು ಮುಚ್ಚಿತು. ಬಟ್ಟಲು ಮುಳುಗಲೇ ಇಲ್ಲ, ಮುಹೂರ್ತ ಮೀರಿಹೋಯಿತು. ನೊಂದ ಮಗಳನ್ನು ಸಂತೈಸಲು, ಕಾಲವು ಅಳಿಸಲಾರದ ಗ್ರಂಥವೊಂದಕ್ಕೆ ತಂದೆಯು ಅವಳ ಹೆಸರನ್ನಿಟ್ಟರಂತೆ. ಅಕ್ಬರನ ಆಸ್ಥಾನದ ಕವಿ ಫೈಜಿಯು 1587ರಲ್ಲಿ ಮಾಡಿದ ಪಾರಸಿ ಅನುವಾದದ ಮೂಲಕ ಈ ಕಥೆ ಪ್ರಸಿದ್ಧವಾಯಿತು. ಇದನ್ನು ಇತಿಹಾಸವೆನ್ನುವುದಕ್ಕಿಂತ ಐತಿಹ್ಯವೆನ್ನುವುದೇ ಸರಿ.

ಕಥೆಯು ಐತಿಹ್ಯವಾದರೂ ಆ ಬಟ್ಟಲು ನಮಗೊಂದು ಪಾಠವನ್ನು ಹೇಳುತ್ತದೆ. ತಾಮ್ರವು ನೀರಿಗಿಂತ ಬಹಳ ಭಾರವಾದ ಲೋಹ. ಆದರೂ ತಾಮ್ರದ ಬಟ್ಟಲು ತೇಲುತ್ತದೆ. ಏಕೆಂದರೆ ಅದರ ಒಳಗೆ ಬರಿದಾದ ಸ್ಥಳವಿದೆ. ಲೋಹವನ್ನೂ ಆ ಬರಿದಾದ ಸ್ಥಳವನ್ನೂ ಕೂಡಿಸಿ ನೋಡಿದರೆ, ಗಾತ್ರ ಹೆಚ್ಚು, ದ್ರವ್ಯರಾಶಿ ಕಡಿಮೆ. ನೀರು ಒಳಹೊಕ್ಕಂತೆ ಗಾತ್ರವು ಇದ್ದಷ್ಟೇ ಇದ್ದು ದ್ರವ್ಯರಾಶಿ ಏರುತ್ತದೆ; ಕೊನೆಗೆ ಬಟ್ಟಲು ಮುಳುಗುತ್ತದೆ. ವಸ್ತುವಿನ ದ್ರವ್ಯರಾಶಿಯನ್ನು ಅದರ ಗಾತ್ರದಿಂದ ಭಾಗಿಸಿದಾಗ ದೊರೆಯುವುದನ್ನೇ ಇಂದಿನ ವಿಜ್ಞಾನವು ಸಾಂದ್ರತೆ ಎಂದು ಕರೆಯುತ್ತದೆ.

ಗಾತ್ರವನ್ನು ಅರಿಯದೆ ಸಾಂದ್ರತೆಯನ್ನು ಅರಿಯುವಂತಿಲ್ಲ. ಗಾತ್ರದ ಗಣಿತದಲ್ಲಿ ಭಾಸ್ಕರಾಚಾರ್ಯರದು ಪಳಗಿದ ಕೈ. ಇಪ್ಪತ್ತನಾಲ್ಕು ಅಂಗುಲಗಳಿಗೆ ಒಂದು ಹಸ್ತ. ಉದ್ದ, ಅಗಲ, ಎತ್ತರ ಒಂದೊಂದು ಹಸ್ತವಿರುವುದು ಘನಹಸ್ತ. ಅಷ್ಟು ಹಿಡಿಯುವ ಧಾನ್ಯದ ಅಳತೆಯೇ ಮಗಧದ ಖಾರಿ. ಹೀಗೆ ಗಾತ್ರದ ಲೆಕ್ಕವೂ ಕಣದ ಅಳತೆಯೂ ಒಂದಕ್ಕೊಂದು ಹೊಂದಿಕೊಂಡವು.

ಇನ್ನು ರಾಶಿಯ ಲೆಕ್ಕ. ನೆಲದ ಮೇಲೆ ಸುರಿದ ಧಾನ್ಯವು ತಾನಾಗಿಯೇ ಶಂಕುವಿನ ಆಕಾರವನ್ನು ತಳೆಯುತ್ತದೆ. ಆದರೆ ಎಲ್ಲ ಧಾನ್ಯಗಳೂ ಒಂದೇ ಎತ್ತರಕ್ಕೆ ನಿಲ್ಲುವುದಿಲ್ಲ. ದಪ್ಪ ಕಾಳಿನ ರಾಶಿಯ ಎತ್ತರವು ಸುತ್ತಳತೆಯ ಹತ್ತನೆಯ ಒಂದು ಪಾಲು, ಸಣ್ಣ ಕಾಳಿನದು ಹನ್ನೊಂದನೆಯ ಒಂದು ಪಾಲು, ಮುಳ್ಳುತೆನೆಯ ಧಾನ್ಯದ್ದು ಒಂಬತ್ತನೆಯ ಒಂದು ಪಾಲು ಎಂದು ಆಚಾರ್ಯರು ತಿಳಿಸುತ್ತಾರೆ. ಸುತ್ತಳತೆಯ ಆರನೆಯ ಒಂದು ಪಾಲನ್ನು ವರ್ಗ ಮಾಡಿ ಎತ್ತರದಿಂದ ಗುಣಿಸಿದರೆ ರಾಶಿಯ ಘನಫಲ ದೊರೆಯುತ್ತದೆ. ಸುತ್ತಳತೆ 60 ಹಸ್ತವಿರುವ ದಪ್ಪ ಕಾಳಿನ ರಾಶಿಗೆ ಎತ್ತರ 6 ಹಸ್ತ, ಘನಫಲ 600 ಖಾರಿ. ಗೋಡೆಗೆ ಒರಗಿದ ರಾಶಿಗೂ ಮೂಲೆಯಲ್ಲಿ ಸುರಿದ ರಾಶಿಗೂ ಲೀಲಾವತಿಯಲ್ಲಿ ಬೇರೆ ಬೇರೆ ಲೆಕ್ಕಗಳಿವೆ.

ನಮ್ಮ ಕಣದಲ್ಲಿ 18 ಹಸ್ತ ಸುತ್ತಳತೆಯ ಕಡಲೆಯ ರಾಶಿಯಿದೆಯೆಂದು ಭಾವಿಸೋಣ. ಹದಿನೆಂಟರ ಆರನೆಯ ಒಂದು ಪಾಲು 3. ಅದರ ವರ್ಗ 9. ಎತ್ತರ 1.8 ಹಸ್ತ. ಘನಫಲ 16.2 ಘನಹಸ್ತ. ಹಸ್ತವೆಂದರೆ 45 ಸೆಂಟಿಮೀಟರ್ ಎಂದು ಹಿಡಿದರೆ ಒಂದು ಘನಹಸ್ತಕ್ಕೆ ಸುಮಾರು 91 ಲೀಟರು. ಇಡೀ ರಾಶಿಗೆ ಸುಮಾರು 1,475 ಲೀಟರು. ಇಲ್ಲಿಗೆ ತಿಳಿದುದು ಗಾತ್ರ ಮಾತ್ರ. ತೂಕ ತಿಳಿಯಬೇಕಾದರೆ ಒಂದು ಲೀಟರು ಕಡಲೆಯನ್ನು ತಕ್ಕಡಿಗೆ ಹಾಕಿ ನೋಡಬೇಕು. ಅದು ಮುಕ್ಕಾಲು ಕಿಲೋಗ್ರಾಂ ತೂಗಿದರೆ, ರಾಶಿಯು ಸುಮಾರು 11 ಕ್ವಿಂಟಲ್. ಪಕ್ಕದಲ್ಲಿಯೇ ಇರುವ ಹೊಟ್ಟಿನ ಗುಡ್ಡೆ ಅಷ್ಟೇ ಗಾತ್ರದ್ದಾದರೂ ಅದರ ತೂಕ ಎಷ್ಟೋ ಕಡಿಮೆ. ಕಣ್ಣಿಗೆ ಕಾಣುವುದು ಗಾತ್ರ. ತಕ್ಕಡಿ ತೋರುವುದು ದ್ರವ್ಯರಾಶಿ. ಎರಡನ್ನೂ ಬೆಸೆಯುವುದು ಸಾಂದ್ರತೆ. ಈ ಮೂರನ್ನೂ ಅರಿತ ಒಕ್ಕಲಿಗನನ್ನು ಸುಲಭವಾಗಿ ವಂಚಿಸುವುದು ಯಾರಿಗೂ ಸಾಧ್ಯವಿಲ್ಲ.

ರಾಶಿಯ ಈ ಸೂತ್ರವು ಪರಿಧಿಯು ವ್ಯಾಸದ ಮೂರು ಪಟ್ಟು ಎಂದು ಹಿಡಿದ ಸ್ಥೂಲ ಲೆಕ್ಕ. ನಿಜವಾದ ಘನಫಲವು ಇದಕ್ಕಿಂತ ನೂರಕ್ಕೆ ನಾಲ್ಕೂವರೆಯಷ್ಟು ಕಡಿಮೆ. ಆಚಾರ್ಯರು ಇದನ್ನು ಅರಿಯದವರಲ್ಲ. ವೃತ್ತದ ಲೆಕ್ಕಕ್ಕೆ 3927ನ್ನು 1250ರಿಂದ ಭಾಗಿಸಿದ ಸೂಕ್ಷ್ಮಮಾನವನ್ನು ಅದೇ ಗ್ರಂಥದಲ್ಲಿ ಅವರು ಕೊಟ್ಟಿದ್ದಾರೆ. ಗಾಳಿಗೆ ಕುಸಿಯುವ, ಕಾಲು ತಾಗಿದರೆ ಜಾರುವ ಧಾನ್ಯದ ರಾಶಿಗೆ ಸ್ಥೂಲಮಾನವೇ ಸಾಕು. ಎಲ್ಲಿ ಎಷ್ಟು ಸೂಕ್ಷ್ಮತೆ ಬೇಕೆಂಬುದನ್ನು ಅರಿಯುವುದೂ ಗಣಿತಜ್ಞನ ವಿವೇಕವೇ ಸರಿ.

ತೋಡಿದ ಗುಂಡಿಯ ಅಳತೆ ಎಲ್ಲೆಡೆಯೂ ಒಂದೇ ಸಮನಾಗಿರದಿದ್ದರೆ ಹಲವು ಕಡೆ ಅಳೆದು ಸರಾಸರಿಯನ್ನು ತೆಗೆಯಬೇಕೆಂದು ಅವರು ವಿಧಿಸಿದರು. ಇಟ್ಟಿಗೆಯ ರಾಶಿಯ ಘನಫಲವನ್ನು ಒಂದು ಇಟ್ಟಿಗೆಯ ಘನಫಲದಿಂದ ಭಾಗಿಸಿ ಇಟ್ಟಿಗೆಗಳ ಸಂಖ್ಯೆಯನ್ನು ತಿಳಿಯುವ ಬಗೆಯನ್ನೂ, ಬೇರೆ ಬೇರೆ ಬಣ್ಣದ ಚಿನ್ನಗಳನ್ನು ಕರಗಿಸಿ ಬೆರೆಸಿದಾಗ ದೊರೆಯುವ ಚಿನ್ನದ ಗುಣವನ್ನು ಅರಿಯುವ ಬಗೆಯನ್ನೂ ಹೇಳಿಕೊಟ್ಟರು. ಒಕ್ಕಲಿಗ, ಗೌಂಡಿ, ಅಕ್ಕಸಾಲಿಗ ಇವರೆಲ್ಲರ ಕಸುಬೂ ಹೀಗೆ ಶಾಸ್ತ್ರದೊಳಗೆ ಸ್ಥಾನ ಪಡೆಯಿತು.

ಕಣದಿಂದ ಆಕಾಶದವರೆಗೆ ಅವರ ದೃಷ್ಟಿ ಹರಿದಿತ್ತು. ಭೂಮಿಗೆ ಆಧಾರವಾಗಿ ಬೇರೊಂದು ವಸ್ತುವಿಲ್ಲವೆಂದೂ, ಅದಕ್ಕೆ ಆಕರ್ಷಣಶಕ್ತಿಯಿದ್ದು ಭಾರವಾದ ವಸ್ತುಗಳನ್ನು ತನ್ನೆಡೆಗೆ ಸೆಳೆಯುತ್ತದೆಯೆಂದೂ ಗೋಲಾಧ್ಯಾಯದಲ್ಲಿ ಪ್ರತಿಪಾದಿಸಿದರು. ವಸ್ತುವನ್ನು ಭೂಮಿಯು ಸೆಳೆಯುವ ಬಲವನ್ನೇ ಇಂದು ನಾವು ತೂಕವೆನ್ನುತ್ತೇವೆ.

ಅರುವತ್ತೊಂಬತ್ತನೆಯ ವಯಸ್ಸಿನಲ್ಲಿಯೂ ಅವರ ಲೇಖನಿ ದಣಿಯಲಿಲ್ಲ. 1183ರಲ್ಲಿ ಕರಣಕುತೂಹಲವನ್ನು ರಚಿಸಿದರು. ಮಗ ಲಕ್ಷ್ಮೀಧರನು ಯಾದವ ಅರಸ ಜೈತ್ರಪಾಲನ ಆಸ್ಥಾನದಲ್ಲಿ ಮನ್ನಣೆ ಪಡೆದನು. ಮೊಮ್ಮಗ ಚಾಂಗದೇವನು ಅಜ್ಜನ ಗ್ರಂಥಗಳ ಅಧ್ಯಯನಕ್ಕಾಗಿಯೇ ಮಠವೊಂದನ್ನು ಸ್ಥಾಪಿಸಿದನು. ಚಾಳೀಸಗಾಂವಿನ ಸಮೀಪದ ಪಾಟಣದಲ್ಲಿರುವ ಶಾಸನ ಇದಕ್ಕೆ ಸಾಕ್ಷಿಯಾಗಿದೆ. 1817ರಲ್ಲಿ ಕೋಲ್‌ಬ್ರೂಕ್ ಪ್ರಕಟಿಸಿದ ಇಂಗ್ಲಿಷ್ ಅನುವಾದವು ಲೀಲಾವತಿಯ ಕೀರ್ತಿಯನ್ನು ಕಡಲಾಚೆಗೆ ಹಬ್ಬಿಸಿತು. 1979ರಲ್ಲಿ ಭಾರತದ ಉಪಗ್ರಹವೊಂದು ಭಾಸ್ಕರ ಎಂಬ ಹೆಸರನ್ನು ಹೊತ್ತು ಅಂತರಿಕ್ಷಕ್ಕೇರಿತು.

ಇಂದು ಕಣಗಳು ವಿರಳವಾಗಿವೆ. ಯಂತ್ರಗಳು ಕಾಳನ್ನು ಬೇರ್ಪಡಿಸುತ್ತವೆ, ವಿದ್ಯುತ್ತಿನ ತಕ್ಕಡಿಗಳು ತೂಗುತ್ತವೆ. ಆದರೆ ತಕ್ಕಡಿ ತೋರಿದ ಸಂಖ್ಯೆ ಸರಿಯೇ ಎಂದು ಪರೀಕ್ಷಿಸುವ ಬುದ್ಧಿಯನ್ನು ಯಾವ ಯಂತ್ರವೂ ನಮಗೆ ಕೊಡಲಾರದು. ಒಂದು ಹಗ್ಗ, ಒಂದು ತಕ್ಕಡಿ, ಸ್ವಲ್ಪ ಗಣಿತ ಇವಿಷ್ಟಿದ್ದರೆ ಬೆಳೆದವನು ತನ್ನ ಬೆಳೆಯನ್ನು ತಾನೇ ಅರಿಯಬಲ್ಲನು. ಭಾಸ್ಕರಾಚಾರ್ಯರು ನಮಗೆ ಬಿಟ್ಟುಹೋದ ನಿಜವಾದ ಲಾಭವಿದು.