ಸಲೀಂ ಅಲಿ ಮತ್ತು ಎರೆಭೂತ

ನಿಪ್ಪಾಣಿ ತಾಲ್ಲೂಕಿನ ಬೋರಗಾಂವದ ಸುತ್ತ ಈಗ ಕಬ್ಬೇ ಕಬ್ಬು. ಅಲ್ಲಿಯ ಕಪ್ಪು ನೆಲ ಕಂಡಾಗಲೆಲ್ಲ ನನಗೆ ತೆರೆದ ಬಯಲಿನ ಹಕ್ಕಿಯೊಂದು ನೆನಪಾಗುತ್ತದೆ. ನಮಗದು ಎರೆಭೂತ, ಗಡಿಯಾಚೆಯ ಮರಾಠಿಗರಿಗೆ ಮಾಳಢೋಕ. ಬೆನ್ನಿಗೇ ನೆನಪಾಗುವವರು ಅದರ ಪರ ವಾದಿಸಿದ ಸಲೀಂ ಅಲಿ.

1896ರಲ್ಲಿ ಮುಂಬೈಯಲ್ಲಿ ಹುಟ್ಟಿದ ಅವರಿಗೆ ವಿಶ್ವವಿದ್ಯಾಲಯದ ಪದವಿ ಇರಲಿಲ್ಲ; ಅದೇ ಕಾರಣಕ್ಕೆ ಸರ್ಕಾರಿ ಹುದ್ದೆಯೂ ತಪ್ಪಿತು. ಬರ್ಲಿನ್ನಿನಲ್ಲಿ ಸ್ಟ್ರೆಸೆಮನ್ ಅವರ ಬಳಿ ಕಲಿತು ಬಂದು ಸಂಸ್ಥಾನಗಳ ಹಕ್ಕಿಗಳ ಸಮೀಕ್ಷೆಗೆ ಇಳಿದರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾದದ್ದು ಅವರ ಒತ್ತಾಸೆಯಿಂದ. ಕನ್ನಡಿಗರು ಅವರನ್ನು ನೆನೆಯುವುದು ಈ ಗೆಲುವಿಗಾಗಿ. ನನಗೆ ಅವರ ಸೋಲೇ ಹೆಚ್ಚು ಮುಖ್ಯವಾಗಿ ಕಾಣುತ್ತದೆ.

ಅಳಿವಿನತ್ತ ಸಾಗಿದ್ದ ಎರೆಭೂತವೇ ರಾಷ್ಟ್ರಪಕ್ಷಿಯಾಗಲಿ ಎಂದು ಅವರು ಬಯಸಿದ್ದರು. 1963ರಲ್ಲಿ ಆ ಪಟ್ಟ ನವಿಲಿಗೆ ಸಂದಿತು. (ಷಣ್ಮುಖನ ವಾಹನಕ್ಕೆ ರಕ್ಷಕರ ಕೊರತೆ ಎಂದಿತ್ತು?) ಎರೆಭೂತ ಸಾಮಾನ್ಯವಾಗಿ ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ, ಅದೂ ಬರಿನೆಲದ ಮೇಲೆ. ಅದರ ಮನೆಯಾದ ಹುಲ್ಲುಗಾವಲು ಸರ್ಕಾರದ ಕಣ್ಣಿಗೆ ಬಂಜರು. 1974ರಲ್ಲಿ ಘೋಷಣೆಯಾದ ರಾಣೆಬೆನ್ನೂರು ಅಭಯಾರಣ್ಯದ ಹುಲ್ಲುನೆಲದಲ್ಲೂ ನೀಲಗಿರಿ ಎದ್ದು ನಿಂತಿತು. ಎರೆಭೂತ ಅಲ್ಲಿಂದ ಮರೆಯಾಯಿತು. ಸಲೀಂ ಅಲಿಯವರ ಜೀವದಂತಿದ್ದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಸೊಲ್ಲಾಪುರ ಜಿಲ್ಲೆಯ ನಾನ್ನಜ ಮೊದಲಾದೆಡೆ ಈ ಹಕ್ಕಿಯ ದೀರ್ಘ ಅಧ್ಯಯನಕ್ಕೆ ತೊಡಗಿದ್ದು 1980ರ ದಶಕದಲ್ಲಿ. ಆ ಹೊತ್ತಿಗೆ ಸಾಕಷ್ಟು ತಡವಾಗಿತ್ತು.

1987ರಲ್ಲಿ ಅವರು ತೀರಿಕೊಂಡರು. ಇಂದು ದೇಶದ ಬಯಲುಗಳಲ್ಲಿ ಉಳಿದಿರುವ ಎರೆಭೂತಗಳು 200ಕ್ಕಿಂತ ಕಡಿಮೆ, ಬಹುಪಾಲು ಜೈಸಲ್ಮೇರಿನಲ್ಲಿ. ಕರ್ನಾಟಕದಲ್ಲಿ ಸಿರುಗುಪ್ಪದ ಹೊಲಗಳ ನಡುವೆ, ಬೆರಳೆಣಿಕೆಯಷ್ಟು.