ಮನೆಯಲ್ಲೇ ಕಲಿತ ಪಾಠ
ಬೆಳಗಾವಿ ಬಳಿಯ ಕಾಕತಿಯಲ್ಲಿ 1778ರಲ್ಲಿ ಹುಟ್ಟಿದ ಚೆನ್ನಮ್ಮ ಕುದುರೆ ಸವಾರಿ, ಕತ್ತಿವರಸೆ, ಬಿಲ್ವಿದ್ಯೆ ಕಲಿತದ್ದು ತವರುಮನೆಯಲ್ಲೇ. ಸರ್ಟಿಫಿಕೇಟ್ ಕೊಡುವವರು ಯಾರೂ ಇರಲಿಲ್ಲ.

ಕಿತ್ತೂರಿನ ಮಲ್ಲಸರ್ಜ ದೇಸಾಯಿಯ ಕೈಹಿಡಿದ ಅವರಿಗೆ ಮುಂದೆ ಪತಿವಿಯೋಗ, ಪುತ್ರಶೋಕ ಎರಡೂ ಎದುರಾದವು. ದತ್ತುಪುತ್ರ ಶಿವಲಿಂಗಪ್ಪನನ್ನು ಉತ್ತರಾಧಿಕಾರಿಯೆಂದು ಕಂಪನಿ ಸರ್ಕಾರ ಒಪ್ಪಲಿಲ್ಲ. ಆ ಹುಡುಗನ ಹಕ್ಕಿಗಾಗಿ ರಾಣಿ ಎದ್ದು ನಿಂತರು. ಬಾಲ್ಯದ ಪಾಠಕ್ಕೆ ನಿಜವಾದ ಪರೀಕ್ಷೆ ಬಂದದ್ದು ಸುಮಾರು 46ರ ವಯಸ್ಸಿನಲ್ಲಿ!

1824ರ ಅಕ್ಟೋಬರ್ 23ರಂದು ಕಿತ್ತೂರು ಗೆದ್ದಿತು. ಕಲೆಕ್ಟರ್ ಥ್ಯಾಕರೆ ಹತನಾದ. ಡಿಸೆಂಬರಿನಲ್ಲಿ ಕೋಟೆ ಕೈತಪ್ಪಿತು. ಬೈಲಹೊಂಗಲದ ಸೆರೆಯಲ್ಲೇ 1829ರಲ್ಲಿ ರಾಣಿ ಕೊನೆಯುಸಿರೆಳೆದರು.

ಗೆಳೆಯರೇ, ಬೈಲಹೊಂಗಲಕ್ಕೆ ಹೋದರೆ ಅವರ ಸಮಾಧಿಯ ಮುಂದೆ ಒಂದು ನಿಮಿಷ ನಿಲ್ಲಿ. ಅಪ್ಪ-ಅಮ್ಮ ಕಲಿಸಿದ್ದು ಮಾರ್ಕ್ಸ್ ಕಾರ್ಡಿನಲ್ಲಿ ಇರುವುದಿಲ್ಲ. ಅದು ಯಾವ ದಿನ ಬೇಕಾಗುತ್ತದೋ ಹೇಳಲಾಗದು, ಕಲಿತಿಟ್ಟುಕೊಳ್ಳೋಣ.