ಕೋಷ್ಟಕಗಳ ಶಿಲ್ಪಿ ಎಡ್ಗರ್ ಕಾಡ್

ಬಣಕಲ್ ಸುತ್ತಲಿನ ಕಾಫಿ ಬೆಳೆಗಾರರು ಪಡೆಯುವ 'ಭೂಮಿ' ಯೋಜನೆಯ ಪಹಣಿಯ ಹಿಂದೆ ಇಂಗ್ಲೆಂಡ್ ಮೂಲದ ಗಣಿತಜ್ಞರೊಬ್ಬರ ಚಿಂತನೆ ಇದೆ. ಸರ್ವೆ ನಂಬರು, ಖಾತೆದಾರ, ಬೆಳೆ ಮುಂತಾದ ವಿವರಗಳನ್ನು ಪರಸ್ಪರ ಸಂಬಂಧವುಳ್ಳ ಕೋಷ್ಟಕಗಳಲ್ಲಿ ಇಡುವ ಮಾದರಿಯನ್ನು ರೂಪಿಸಿದವರು ಎಡ್ಗರ್ ಎಫ್. ಕಾಡ್.

1923ರಲ್ಲಿ ಪೋರ್ಟ್‌ಲೆಂಡ್‌ನಲ್ಲಿ ಜನಿಸಿದ ಅವರು ಆಕ್ಸ್‌ಫರ್ಡ್‌ನಲ್ಲಿ ಓದಿದರು. ಎರಡನೇ ಮಹಾಯುದ್ಧದಲ್ಲಿ ವಿಮಾನ ನಡೆಸಿದರು. ಬಳಿಕ ಅಮೆರಿಕದಲ್ಲಿ ಐಬಿಎಂ ಸೇರಿದರು. ಮೆಕಾರ್ಥಿ ಹಾವಳಿಗೆ ಬೇಸತ್ತು ಕೆಲಕಾಲ ಕೆನಡಾದಲ್ಲಿ ನೆಲೆಸಿದ್ದೂ ಉಂಟು.

ಅಂದಿನ ದತ್ತಸಂಚಯಗಳಲ್ಲಿ ಒಂದು ದಾಖಲೆಯಿಂದ ಮತ್ತೊಂದಕ್ಕೆ ಕೊಂಡಿ ಹಿಡಿದೇ ಸಾಗಬೇಕಿತ್ತು. ಕೊಂಡಿ ಹಾಕದ ಪ್ರಶ್ನೆ ಎದುರಾದರೆ ಹೊಸ ಪ್ರೋಗ್ರಾಂ ಬರೆಯದೆ ಗತ್ಯಂತರವಿರಲಿಲ್ಲ. 1970ರ ಪ್ರಬಂಧದಲ್ಲಿ ಕಾಡ್ ಆ ಕೊಂಡಿಗಳನ್ನೇ ಕೈಬಿಟ್ಟರು. ಐಬಿಎಂ ಮಾತ್ರ ತನ್ನ ಹಳೆಯ ಐಎಂಎಸ್ ತಂತ್ರಾಂಶದ ಗಳಿಕೆಯನ್ನು ನೆನೆದು ಮೀನಮೇಷ ಎಣಿಸಿತು. 1979ರಲ್ಲಿ ಒರಾಕಲ್ ಮುಂಚಿತವಾಗಿ ಮಾರುಕಟ್ಟೆಗೆ ಬಂದಿತು. ಮನೆಯವರಿಗಿಂತ ಹೊರಗಿನವರೇ ಬೇಗ ಬೆಲೆ ಅರಿತರೆನ್ನಬೇಕು. 1981ರಲ್ಲಿ ಕಾಡ್ ಅವರಿಗೆ ಟ್ಯೂರಿಂಗ್ ಪ್ರಶಸ್ತಿ ಸಂದಿತು.

1980ರ ದಶಕದ ಉತ್ತರಾರ್ಧದಲ್ಲಿ ಆಬ್ಜೆಕ್ಟ್ ದತ್ತಸಂಚಯಗಳು ಸವಾಲೊಡ್ಡಿದವು. ಹಲವು ಕೋಷ್ಟಕಗಳಲ್ಲಿ ಚದುರಿದ ತೋಟ, ಮಾಲೀಕ, ಸಾಲದ ವಿವರಗಳನ್ನು ಒಂದಕ್ಕೊಂದು ಬೆಸೆದ ಆಬ್ಜೆಕ್ಟ್‌ಗಳಾಗಿ ಕಟ್ಟುವುದೇ ಈ ವರ್ಗಾವಣೆಯ ತಿರುಳು. ಒಂದು ತೋಟದ ವಿವರ ಶೀಘ್ರ ಕೈಸೇರುತ್ತದೆ, ನಿಜ. ಆದರೆ ಹೋಬಳಿಯ ಸಾಲಗಾರರೆಲ್ಲರ ಪಟ್ಟಿ ಬೇಕೆಂದಾಗ ತೊಡಕು ಆರಂಭ. ಕಾಡ್ ಕಿತ್ತ ಕೊಂಡಿಗಳೇ ಮರಳಿ ಬಂದಿದ್ದವು. ಅವರು ಪಟ್ಟು ಸಡಿಲಿಸದೆ 1990ರ ಗ್ರಂಥದಲ್ಲಿ ಕೋಷ್ಟಕ ಮಾದರಿಯನ್ನೇ ವಿಸ್ತರಿಸಿದರು.

2003ರ ಏಪ್ರಿಲ್ 18ರಂದು ಫ್ಲೋರಿಡಾದಲ್ಲಿ ಕಾಡ್ ನಿಧನರಾದರು. ಆ ವೇಳೆಗೆ ಬಹುತೇಕ ಸಂಸ್ಥೆಗಳು ಪ್ರೋಗ್ರಾಂನಲ್ಲಿ ಆಬ್ಜೆಕ್ಟ್‌ಗಳನ್ನು ಬಳಸಿದರೂ ದತ್ತಾಂಶವನ್ನು ಕೋಷ್ಟಕಗಳಲ್ಲೇ ಉಳಿಸಿಕೊಂಡಿದ್ದವು.